ಬೇಡಿದ ವರ, ಸಿಕ್ಕ ವರ

ಕೇಳುಗರಿಗೆಲ್ಲ ನಮಸ್ಕಾರ. ಕಥೆಗಳಲ್ಲಿ ಬರುವ ಮಾಯೆ ವಿಜ್ಞಾನದಿಂದ ನಿಜವಾದೀತೇ ಎಂಬುದು ಇವತ್ತಿನ ಮಾತು.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಹೆನ್ನಿಗ್ ಬ್ರಾಂಡ್ ಎಂಬೊಬ್ಬನಿದ್ದ. ಅಗ್ಗದ ಲೋಹವನ್ನು ಚಿನ್ನ ಮಾಡುವ ಪರುಷಮಣಿಯ ಹುಚ್ಚು ಅವನಿಗೆ. ಮೂತ್ರದ್ದೂ ಹೊಂಬಣ್ಣವೇ ತಾನೆ, ಅದರೊಳಗೆ ಹೊನ್ನಿನ ಅಂಶ ಇದ್ದೀತು ಎಂದು ಅವನಿಗೆ ಅನ್ನಿಸಿರಬೇಕು. 1669ರ ಸುಮಾರಿಗೆ ಕೊಡಗಟ್ಟಲೆ ಮೂತ್ರ ಕೂಡಿಹಾಕಿ, ಕುದಿಸಿ ಕುದಿಸಿ ಇಂಗಿಸಿ, ಉಳಿದ ಗಷ್ಟನ್ನು ಉರಿಯುವ ಕುಲುಮೆಯಲ್ಲಿ ಕಾಯಿಸಿದ. ಆ ಮನೆಯ ಅಕ್ಕಪಕ್ಕದವರ ಪಾಡು ಏನಾಗಿತ್ತೋ, ಅದನ್ನು ಯಾರೂ ಬರೆದಿಟ್ಟಂತಿಲ್ಲ. ಚಿನ್ನವಂತೂ ಬರಲಿಲ್ಲ. ಬಂದದ್ದು ಮೇಣದಂಥ ಒಂದು ಬಿಳಿ ಪದಾರ್ಥ. ಕತ್ತಲೆಯಲ್ಲಿ ಅದು ತಾನಾಗಿಯೇ ಹೊಳೆಯುತ್ತಿತ್ತು. ಅದೇ ರಂಜಕ, ನಾವು ಫಾಸ್ಫರಸ್ ಅನ್ನುವ ಮೂಲವಸ್ತು. ಬೆಂಕಿಕಡ್ಡಿಯಿಂದ ರಸಗೊಬ್ಬರದವರೆಗೆ ಎಲ್ಲಕ್ಕೂ ಬೇಕಾದ್ದು.

ಇದಾಗಿ ಸುಮಾರು ನಲವತ್ತು ವರ್ಷಕ್ಕೆ ಜರ್ಮನಿಯದೇ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಇನ್ನೊಂದು ಕಥೆ. ಯೋಹಾನ್ ಬಟ್‌ಗರ್ ಎಂಬ ತರುಣ ತನಗೆ ಚಿನ್ನ ಮಾಡುವ ವಿದ್ಯೆ ಗೊತ್ತು ಎಂದು ಹೇಳಿಕೊಂಡು ಓಡಾಡಿದ. ಸುದ್ದಿ ಆಳುವವನ ಕಿವಿಗೂ ಬಿತ್ತು. ಹಾಗಾದರೆ ಮಾಡಿ ತೋರಿಸು ಎಂದು ಅವನನ್ನು ಹಿಡಿದು ಕಾವಲಿನಲ್ಲಿಟ್ಟರು. ಚಿನ್ನ ಆಗಲಿಲ್ಲ, ಬಿಡುಗಡೆಯೂ ಆಗಲಿಲ್ಲ. ಆದರೆ ಕುಲುಮೆಯ ಮುಂದೆ ವರ್ಷಗಟ್ಟಲೆ ಕೂತದ್ದರ ಫಲವಾಗಿ, ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ, 1708ರಲ್ಲಿ ಪಿಂಗಾಣಿಯ ಗುಟ್ಟು ಕಂಡುಕೊಂಡ. ಅಲ್ಲಿಯವರೆಗೆ ಯುರೋಪಿನವರು ಗಟ್ಟಿ ಪಿಂಗಾಣಿಯನ್ನು ಚೀನಾ, ಜಪಾನುಗಳಿಂದ ದುಬಾರಿ ಬೆಲೆಗೆ ತರಿಸಿಕೊಳ್ಳುತ್ತಿದ್ದರು. ಆಳುವವನ ಬೊಕ್ಕಸಕ್ಕೆ ಕೊನೆಗೂ ಹಣ ಬಂತು ಅನ್ನಿ, ದಾರಿ ಮಾತ್ರ ಬೇರೆ.

ಕಥೆಗಳ ಮಾಯೆ ವಿಜ್ಞಾನದಿಂದ ನಿಜವಾದೀತೇ ಎಂದು ಕೇಳಿದಾಗೆಲ್ಲ ನನಗೆ ಈ ಇಬ್ಬರು ನೆನಪಾಗುತ್ತಾರೆ. ಬೇಡಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು. ಬೇಡಿದ್ದೇ ಸಿಕ್ಕರೂ ಅದರ ಬೆನ್ನಿಗೆ ಒಂದು ಶರತ್ತು.

ಯಾಕೆಂದರೆ ಚಿನ್ನ ಕೊನೆಗೂ ಆಯಿತು! ಸೀಸದ ಪರಮಾಣುವಿನ ಗರ್ಭದಲ್ಲಿ 82 ಪ್ರೋಟಾನುಗಳು, ಚಿನ್ನದ್ದರಲ್ಲಿ 79. ಮೂರು ತೆಗೆದರೆ ಸೀಸ ಚಿನ್ನವಾಗಬೇಕು. ಲೆಕ್ಕ ಇಷ್ಟೇ. ರಸವಾದಿಗಳು ಸೋತದ್ದು ಎಲ್ಲಿ ಅಂದರೆ, ಬೆಂಕಿ, ಆಮ್ಲ, ಪಾದರಸ ಯಾವುದೂ ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳನ್ನು ದಾಟಿ ಒಳಕ್ಕೆ ಹೋಗುವುದಿಲ್ಲ. ಗರ್ಭವನ್ನು ಕದಲಿಸಲು ಬೆಂಕಿ ಕೊಡುವುದರ ಲಕ್ಷಾಂತರ ಪಟ್ಟು ಶಕ್ತಿ ಬೇಕು. 1980ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಕಣಗಳನ್ನು ಭಾರೀ ವೇಗದಲ್ಲಿ ಓಡಿಸುವ ವೇಗವರ್ಧಕ ಯಂತ್ರದಿಂದ ಬಿಸ್ಮತ್ ಎಂಬ ಲೋಹವನ್ನು ಚಿನ್ನ ಮಾಡಿದರು. ಆಮೇಲೆ ಜಿನೀವಾ ಬಳಿ ನೆಲದಡಿಯಲ್ಲಿರುವ ಸೆರ್ನ್ ಎಂಬ ಸಂಶೋಧನಾ ಸಂಸ್ಥೆಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ, ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ಸೀಸದ ಕಣಗಳು ಒಂದಕ್ಕೊಂದು ತಾಗದೆ ಮಗ್ಗುಲಲ್ಲೇ ಹಾದುಹೋಗುವಾಗ ಪ್ರೋಟಾನುಗಳು ಕಿತ್ತುಬರುವುದನ್ನು ಅಳೆದರು. 2025ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2015ರಿಂದ 2018ರವರೆಗಿನ ಪ್ರಯೋಗಗಳಲ್ಲಿ ಅಲ್ಲಿ ಹುಟ್ಟಿದ ಚಿನ್ನದ ಪರಮಾಣು ಗರ್ಭಗಳು ಸುಮಾರು 8600 ಕೋಟಿ.

ಕೇಳಲು ಬಹಳವಾಯಿತು, ಅಲ್ಲವೇ? ತೂಗಿದರೆ 29 ಪಿಕೋಗ್ರಾಮ್. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ 29 ಪಾಲು ಎತ್ತಿಟ್ಟುಕೊಂಡಂತೆ. ಅದೂ ಹುಟ್ಟಿದ ಮರುಕ್ಷಣವೇ ಯಂತ್ರದ ಕೊಳವೆಗೆ ಬಡಿದು ಚೂರಾಗುತ್ತದೆ. ಪರುಷಮಣಿ ಸಿಕ್ಕಿದೆ. ಅದನ್ನು ಇಟ್ಟುಕೊಂಡವನು ಮಾತ್ರ ದಿವಾಳಿಯಾಗುತ್ತಾನೆ.

ಇನ್ನು ಅದೃಶ್ಯವಾಗುವ ಆಸೆ. ಹಚ್ಚಿಕೊಂಡರೆ ಮಾಯವಾಗುವ ಅಂಜನ, ಹೊದ್ದರೆ ಕಾಣದಾಗುವ ಹೊದಿಕೆ, ಯಾವ ನಾಡಿನ ಕಥೆಯಲ್ಲಿಲ್ಲ ಹೇಳಿ? 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಸ್ಮಿತ್ ಅವರ ತಂಡ, ಲಂಡನ್ನಿನ ಜಾನ್ ಪೆಂಡ್ರಿ ಅವರ ಸಿದ್ಧಾಂತ ಹಿಡಿದು, ಅಂಥದ್ದೊಂದನ್ನು ಮಾಡಿಯೇಬಿಟ್ಟಿತು. ನೋಡಿದರೆ ನಿರಾಸೆಯಾಗುವಂಥ ವಸ್ತು ಅದು. ಒಂದರೊಳಗೊಂದು ಬಳೆ ಇಟ್ಟಂತೆ ಕೂರಿಸಿದ ಪಟ್ಟಿಗಳು, ಪಟ್ಟಿಗಳ ಮೇಲೆ ಕೆಲವೇ ಮಿಲಿಮೀಟರ್ ಅಳತೆಯ ತಾಮ್ರದ ಚಿತ್ತಾರ, ನಡುವೆ ಬಚ್ಚಿಡಬೇಕಾದ ತಾಮ್ರದ ಉರುಳೆ. ಒಂದು ಕಡೆಯಿಂದ ಬಂದ ಮೈಕ್ರೋವೇವ್ ಅಲೆ ಆ ಪಟ್ಟಿಗಳೊಳಗೆ ಬಾಗಿ, ಉರುಳೆಯನ್ನು ಬಳಸಿ, ಆಚೆ ಬದಿಯಲ್ಲಿ ಹೆಚ್ಚುಕಡಿಮೆ ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು. ಅಲೆಯ ಪಾಲಿಗೆ ಅಲ್ಲಿ ಉರುಳೆಯೇ ಇರಲಿಲ್ಲ.

ನಮ್ಮ ಕಣ್ಣಿಗೆ ಮಾತ್ರ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಕಾರಣ ಅಳತೆಯದು. ಇಂಥ ಚಿತ್ತಾರ ತಾನು ಬಾಗಿಸುವ ಅಲೆಗಿಂತ ಎಷ್ಟೋ ಚಿಕ್ಕದಿರಬೇಕು. ಆ ಮೈಕ್ರೋವೇವಿನ ಅಲೆಯುದ್ದ ಮೂರು ಸೆಂಟಿಮೀಟರಿಗೂ ಹೆಚ್ಚು. ಕಣ್ಣಿಗೆ ಕಾಣುವ ಬೆಳಕಿನದು 400ರಿಂದ 700 ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿನ ಆಸುಪಾಸು. ಅದಕ್ಕಿಂತ ಸಣ್ಣ ಚಿತ್ತಾರವನ್ನು ಮನುಷ್ಯನ ಮೈ ಮುಚ್ಚುವಷ್ಟು ಅಗಲಕ್ಕೆ ಕೊರೆಯಬೇಕು. ಜೊತೆಗೆ ಒಂದು ಬಣ್ಣಕ್ಕೆ ಹೊಂದಿಸಿದ ಚಿತ್ತಾರ ಇನ್ನೊಂದಕ್ಕೆ ಹೊಂದುವುದಿಲ್ಲ. ಕೆಂಪಿಗೆ ಮಾಯವಾದವನು ನೀಲಿಗೆ ಸಿಕ್ಕಿಬೀಳುತ್ತಾನೆ.

ಇವೆಲ್ಲ ನೀಗಿದವು ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಶರತ್ತು ಉಳಿಯುತ್ತದೆ, ನನಗೆ ಬಹಳ ಇಷ್ಟವಾದದ್ದು ಅದೇ. ಬೆಳಕು ನಮ್ಮನ್ನು ಪೂರ್ತಿ ಬಳಸಿಕೊಂಡು ಹೋದರೆ ನಮ್ಮ ಕಣ್ಣೊಳಗೂ ಬರುವುದಿಲ್ಲ. ಕಾಣದವನಿಗೆ ಏನೂ ಕಾಣದು. ನೋಡಲು ಎರಡು ತೂತು ಬಿಟ್ಟುಕೊಂಡರೆ ಗಾಳಿಯಲ್ಲಿ ಎರಡು ಕಪ್ಪು ಚುಕ್ಕಿ ತೇಲಾಡುತ್ತವೆ. ಕಥೆಯ ಮಾಂತ್ರಿಕ ಅದೃಶ್ಯನಾಗಿ ಅರಮನೆಯೊಳಗೆ ಸಲೀಸಾಗಿ ನಡೆದುಹೋಗುತ್ತಾನೆ. ನಿಜದಲ್ಲಿ ಅವನು ಮೊದಲ ಕಂಬಕ್ಕೇ ಹಣೆ ಚಚ್ಚಿಕೊಳ್ಳಬೇಕು. ಹಾಗೆಂದು ಆ ವಿದ್ಯೆ ವ್ಯರ್ಥವಾಗಲಿಲ್ಲ. ಚಪ್ಪಟೆ ಆಂಟೆನಾ, ಕಾಗದದಷ್ಟು ತೆಳುವಾದ ಮಸೂರ, ಹೀಗೆ ಯಾವ ಮಾಂತ್ರಿಕನೂ ಕೇಳದ ವಸ್ತುಗಳು ಅದರಿಂದ ಹೊರಟಿವೆ.

ಗಾಳಿಯಲ್ಲಿ ತೇಲುವುದೂ ಆಗಿದೆ, ಒಂದು ಕಪ್ಪೆಗೆ. 1997ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು 16 ಟೆಸ್ಲಾ ಶಕ್ತಿಯ ಅಯಸ್ಕಾಂತದ ಮೇಲೆ ಜೀವಂತ ಕಪ್ಪೆಯನ್ನು ತೇಲಿಸಿದರು. ಭೂಮಿಯ ಕಾಂತಶಕ್ತಿಯ ಸುಮಾರು ಮೂರು ಲಕ್ಷ ಪಟ್ಟು ಅದು. ಮೈಯೊಳಗಿನ ನೀರನ್ನು ಕಾಂತಕ್ಷೇತ್ರ ತುಸುವೇ ದೂರ ತಳ್ಳುತ್ತದೆ, ಆ ತುಸುವನ್ನೇ ಅಷ್ಟು ದೊಡ್ಡದು ಮಾಡಿದ್ದು. ಕಪ್ಪೆಗೆ ಏನೂ ಆಗಲಿಲ್ಲ. ಈ ಕೆಲಸಕ್ಕೆ ಗೈಮ್ ಅವರಿಗೆ ನಗೆಯ ಇಗ್ ನೊಬೆಲ್ ಬಂತು. 2010ರಲ್ಲಿ ಗ್ರ್ಯಾಫೀನ್ ಎಂಬ, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗಾಗಿ ನಿಜವಾದ ನೊಬೆಲ್ಲೂ ಬಂತು.

ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇನ್ನೊಂದು ಊರಿಗೆ ಹೋಗುವ ಮಾಯೆಯ ಹೆಸರನ್ನು ಭೌತವಿಜ್ಞಾನಿಗಳೇ ಎತ್ತಿಕೊಂಡಿದ್ದಾರೆ. ಕ್ವಾಂಟಮ್ ಟೆಲಿಪೋರ್ಟೇಶನ್ ಎಂಬ ಯೋಚನೆ 1993ರದು, ಬೆಳಕಿನ ಕಣದ ಮೇಲೆ ಮಾಡಿ ತೋರಿಸಿದ್ದು 1997ರಲ್ಲಿ, 2017ರಲ್ಲಿ ಚೀನಾದ ಉಪಗ್ರಹವೊಂದು ಅದನ್ನು 1400 ಕಿಲೋಮೀಟರ್‌ವರೆಗೆ ಕೊಂಡೊಯ್ದಿತು. ಇಲ್ಲಿ ಹೋಗುವುದು ವಸ್ತುವಲ್ಲ, ಅದರ ಸ್ಥಿತಿ. ಇತ್ತ ಮೂಲದ ಸ್ಥಿತಿ ಅಳಿದರೇನೇ ಅತ್ತ ಅದು ಮೂಡುವುದು. ಜೊತೆಗೆ ಮಾಮೂಲಿ ದಾರಿಯಲ್ಲಿ ಒಂದು ಸಂದೇಶವೂ ತಲುಪಬೇಕು, ಹಾಗಾಗಿ ಬೆಳಕಿಗಿಂತ ವೇಗ ಸಾಧ್ಯವಿಲ್ಲ. ಮನುಷ್ಯನ ಮೈಯಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ. ಅಷ್ಟನ್ನೂ ಹೀಗೆ ಸಾಗಿಸುವ ಮಾತು ಬಿಡಿ. ಸಾಗಿಸಿದರೂ ಅತ್ತ ಕಣ್ಣು ಬಿಟ್ಟವನು ಹೊರಟವನೇ ಹೌದೇ ಎಂಬ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರವಿಲ್ಲ.

ಇವೆಲ್ಲಕ್ಕಿಂತ ನಮ್ಮ ಹತ್ತಿರಕ್ಕೆ ಬಂದಿರುವ ಮಾಯೆ ಮನಸ್ಸಿನದು. ಹ್ಯಾನ್ಸ್ ಬರ್ಗರ್ ಎಂಬ ಜರ್ಮನ್ ತರುಣ 19ನೆಯ ಶತಮಾನದ ಕೊನೆಯ ದಶಕದಲ್ಲಿ ಸೈನ್ಯದ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದ. ಫಿರಂಗಿಯ ಗಾಡಿಯ ಚಕ್ರಕ್ಕೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾದ. ಅದೇ ದಿನ ಮನೆಯಿಂದ ತಂತಿ ಬಂತು: ನೀನು ಕ್ಷೇಮವೇ? ದೂರದಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಅನ್ನಿಸಿ, ತಂದೆಯಿಂದ ಹೇಳಿ ಕಳಿಸಿದ್ದಳು. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿದಿದೆ, ಅದನ್ನು ಅಳೆಯಬೇಕು ಎಂದು ಬರ್ಗರ್ ವೈದ್ಯನಾದ. 1924ರಲ್ಲಿ ಮನುಷ್ಯನ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. ಅದೇ ಇವತ್ತಿನ ಇಇಜಿ. ಆ ಅಲೆಗಳು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಪಾಲಿನಷ್ಟೇ ಇದ್ದವು. ತಲೆಬುರುಡೆ ದಾಟಿ ಬರುವುದೇ ಕಷ್ಟ, ಇನ್ನೊಂದು ಊರಿಗೆ ಹೋಗುವುದೆಲ್ಲಿಂದ? ಅಕ್ಕ ತಮ್ಮಂದಿರ ಗುಟ್ಟು ಬಯಲಾಗಲಿಲ್ಲ. ಅದರ ಬದಲು ಮೂರ್ಛೆರೋಗ ಪತ್ತೆ ಮಾಡುವ ಸಾಧನ ಸಿಕ್ಕಿತು.

ಅಲ್ಲಿಂದ ಮುಂದಿನದು ತಲೆಬುರುಡೆಯ ಒಳಗಿನ ಕಥೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಪಾರ್ಶ್ವವಾಯು ಹೊಡೆದು ಸುಮಾರು ಹದಿನೈದು ವರ್ಷ ಕೈಕಾಲು ಆಡದೆ, ಮಾತೂ ಇಲ್ಲದೆ ಇದ್ದ ಮಹಿಳೆ. ಅವರ ಮಿದುಳಿನ ಮೇಲ್ಪದರದಲ್ಲಿ 4 ಮಿಲಿಮೀಟರ್ ಚೌಕದ ಬಿಲ್ಲೆ, ಅದರಲ್ಲಿ 96 ಸೂಜಿಗಳು. ನನ್ನ ಕೈ ಚಾಚುತ್ತಿದ್ದೇನೆ ಎಂದು ಅವರು ನೆನೆದರೆ ಸಾಕು, ಎದುರಿನ ರೋಬಾಟ್ ತೋಳು ಮುಂದೆ ಹೋಗಿ ಕಾಫಿಯ ಬಾಟಲಿ ಹಿಡಿದು ಬಾಯಿಯ ಹತ್ತಿರ ತಂದಿತು. ಕೊಳವೆಯಿಂದ ಒಂದು ಗುಟುಕು ಕುಡಿದು ಅವರು ನಕ್ಕ ದೃಶ್ಯ ಚಿತ್ರೀಕರಣವಾಗಿದೆ. ಆರು ಸಲದಲ್ಲಿ ನಾಲ್ಕು ಸಲ ಗುರಿ ತಲುಪಿತು. 2023ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ, ಕಾಯಿಲೆಯಿಂದ ಮಾತು ಕಳೆದುಕೊಂಡವರ ಮಿದುಳಿನ ಸಂಕೇತಗಳಿಂದ ನಿಮಿಷಕ್ಕೆ 62 ಪದ ಓದಿ ತೆಗೆಯಿತು. ದೊಡ್ಡ ಪದಕೋಶ ಕೊಟ್ಟಾಗ ನಾಲ್ಕಕ್ಕೆ ಒಂದರಂತೆ ಪದ ತಪ್ಪುತ್ತಿತ್ತು. ಆದರೂ ನೆನೆದದ್ದು ಮಾತಾಗುವ ವಿದ್ಯೆಗೆ ಇದು ಬಹಳ ಹತ್ತಿರ ಬಂದಿತ್ತು.

ಇದರ ಶರತ್ತು ಏನು? ಮಿದುಳು ಸೂಜಿಯನ್ನು ಪರಕೀಯ ಎಂದೇ ಬಗೆದು ಸುತ್ತ ಕಲೆಗಟ್ಟುತ್ತದೆ, ಸಂಕೇತ ಬರಬರುತ್ತಾ ಮಂಕಾಗುತ್ತದೆ. ಇದು ದೇಹದ ಕಡೆಯ ಶರತ್ತು, ಎಂಜಿನಿಯರುಗಳು ಗುದ್ದಾಡುತ್ತಿದ್ದಾರೆ. ಇನ್ನೊಂದು ಶರತ್ತನ್ನು ಯಾವ ಕಥೆಗಾರನೂ ಊಹಿಸಿರಲಿಲ್ಲ. ಕುರುಡರ ಕಣ್ಣಿನೊಳಗೆ ಕೂರಿಸುವ, ವಿದ್ಯುತ್ ಹರಿಸುವ 60 ಎಲೆಕ್ಟ್ರೋಡುಗಳ ಕೃತಕ ರೆಟಿನಾ, ಅಂದರೆ ಅಕ್ಷಿಪಟಲ, ಒಂದಿತ್ತು. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಅದು ಬೆಳಕಿನ ಚುಕ್ಕಿಗಳಾಗಿ ಮಿದುಳಿಗೆ ದಾಟಿಸುತ್ತಿತ್ತು. ಬಾಗಿಲು ಯಾವ ಕಡೆ, ಎದುರಿಗೆ ಯಾರೋ ನಿಂತಿದ್ದಾರೆಯೇ, ಅಷ್ಟು ತಿಳಿಯುತ್ತಿತ್ತು. 2013ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, ಲೋಕದಾದ್ಯಂತ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಕೆಲವೇ ವರ್ಷಗಳಲ್ಲಿ ತಯಾರಕರು ವ್ಯಾಪಾರ ಗಿಟ್ಟದೆ ಅದನ್ನು ಕೈಬಿಟ್ಟರು. ಮಾಂತ್ರಿಕ ಅಂಗಡಿ ಮುಚ್ಚಿದ, ಮಂತ್ರ ಮಾತ್ರ ಕಣ್ಣೊಳಗೇ ಉಳಿಯಿತು. ರಿಪೇರಿಗೆ ಜನವಿರಲಿಲ್ಲ, ಬಿಡಿಭಾಗ ಬರುತ್ತಿರಲಿಲ್ಲ. ಯಂತ್ರ ಕೆಟ್ಟವರು ಬಿಡಿಭಾಗಕ್ಕಾಗಿ ತಾವೇ ಅವರಿವರನ್ನು ವಿಚಾರಿಸಬೇಕಾಯಿತು. ಇಂಥ ಸಾಧನ ಮಾರುವವರು ಮುಂದಿನ ಹತ್ತಿಪ್ಪತ್ತು ವರ್ಷದ ರಿಪೇರಿಗೆ ಮೊದಲೇ ಹಣ ತೆಗೆದಿಡಬೇಕು ಎಂಬ ಕಾನೂನು, ಹೊಸ ಬಿಲ್ಲೆ ಮಿದುಳಿಗೆ ಇಳಿಯುವ ಮುಂಚೆಯೇ ಆಗಬೇಕು ಎಂದು ನನಗನ್ನಿಸುತ್ತದೆ.

ನಮಸ್ಕಾರ.