ಗದ್ದಲ ಕೇಳೋಕೆ ರೆಕಾರ್ಡ್ ಯಾಕೆ?

ಈ ಆಲ್ಬಂ ಕವರ್ ಮೇಲಿನ ಫೋಟೋ ಸ್ವಲ್ಪ ಹತ್ತಿರದಿಂದ ನೋಡಿ. ಒಂದಷ್ಟು ಹುಡುಗರು ಸೇರ್ಕೊಂಡು ಪಿಯಾನೋನ ಮಾಳಿಗೆ ಅಂಚಿಂದ ಕೆಳಗೆ ತಳ್ತಿದ್ದಾರೆ. ಅಮೆರಿಕದ ಎಂಐಟಿ ಅನ್ನೋ ತಂತ್ರಜ್ಞಾನ ವಿಶ್ವವಿದ್ಯಾಲಯದ ಬೇಕರ್ ಹೌಸ್ ಹಾಸ್ಟೆಲ್, 1972. ರಿಪೇರಿಗೂ ಬಾರದ ಪಿಯಾನೋ ಅದು. ಕಿಟಕಿಯಿಂದ ಏನೂ ಎಸೀಬಾರ್ದು ಅಂತ ಹಾಸ್ಟೆಲ್ ರೂಲ್ಸ್ ಇತ್ತಂತೆ, ಮಾಳಿಗೆ ವಿಷಯ ಅದರಲ್ಲಿ ಇರ್ಲಿಲ್ವಂತೆ! ಇಂಜಿನಿಯರಿಂಗ್ ಹುಡುಗರು ಎಲ್ಲಿದ್ರೂ ಅಷ್ಟೇ.

ಆಲ್ಬಂ ಹೆಸರು 'ರೇವ್‌ಡೆತ್, 1972'. ಕೆನಡಾದ ಟಿಮ್ ಹೆಕರ್ ಮಾಡಿದ್ದು, 2011ರಲ್ಲಿ ಬಂತು. ಹಾಡಿಲ್ಲ, ತಾಳ ಇಲ್ಲ. 2010ರ ಜುಲೈನಲ್ಲಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ಗೆ ಹೋಗಿ, ಅಲ್ಲಿನ ಒಂದು ಚರ್ಚಿನ ಪೈಪ್ ಆರ್ಗನ್, ಅಂದ್ರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸೋ ದೊಡ್ಡ ವಾದ್ಯ, ಅದನ್ನ ನುಡಿಸಿ, ಹೆಚ್ಚಿನ ಭಾಗ ಒಂದೇ ದಿನದಲ್ಲಿ ರೆಕಾರ್ಡ್ ಮಾಡ್ಕೊಂಡ. ಆಮೇಲೆ ಮಾಂಟ್ರಿಯಲ್‌ನಲ್ಲಿ ಕೂತು ಅದನ್ನ ಕೆಡಿಸ್ತಾ ಹೋದ. ನಿಜಕ್ಕೂ ಕೆಡಿಸಿದ. ಶೀಟ್ ಮೇಲೆ ಮಳೆ ಹೊಡೀತಿರೋವಾಗ ದೂರದ ಓಲಗ ಕೇಳಿಸಿದ ಹಾಗಿರುತ್ತೆ, ಕರಕರ ಗದ್ದಲದ ಆಚೆ ಎಲ್ಲೋ ಆರ್ಗನ್.

ಇದನ್ನ ವಿನೈಲ್‌ನಲ್ಲೇ, ಅಂದ್ರೆ ಮುಳ್ಳಿಟ್ಟು ತಿರುಗಿಸೋ ಪ್ಲೇಟಲ್ಲೇ, ಯಾಕೆ ಕೇಳ್ಬೇಕು? ವಿನೈಲ್ ಸದ್ದೇ ಶುದ್ಧ ಅನ್ನೋರ ಜೊತೆ ನಾನಿಲ್ಲ. ಮುಳ್ಳು ಒಳಗಡೆ ಸರಿದಷ್ಟೂ ಸುತ್ತು ಚಿಕ್ಕದಾಗುತ್ತೆ, ಅಷ್ಟೇ ಹೊತ್ತಿನ ಸದ್ದನ್ನ ಕಮ್ಮಿ ಜಾಗದಲ್ಲಿ ತುರುಕ್ಬೇಕು. ಹಾಗಾಗಿ ಪ್ಲೇಟಿನ ಕೊನೆ ಕೊನೆಗೆ ತಾರ ಸ್ವರ ಮಂಕಾಗುತ್ತೆ, 'ಸ', 'ಶ' ಎಲ್ಲ ಒಡೆಯುತ್ತೆ. ಗಾಯಕರ ರೆಕಾರ್ಡಲ್ಲಿ ಇದು ಬರೀ ಕಿರಿಕಿರಿ. ಇಲ್ಲಿ ಹೆಕರ್ ಮಾಡಿದ ಗದ್ದಲ ಯಾವುದು, ಮುಳ್ಳಿಂದು ಯಾವುದು, ಧೂಳಿಂದು ಯಾವುದು, ಗೊತ್ತೇ ಆಗಲ್ಲ. ಸಂಗೀತ ಹಾಳಾಗೋದನ್ನೇ ಸಂಗೀತ ಮಾಡಿರೋ ಆಲ್ಬಂ, ಹಾಕಿದಾಗೆಲ್ಲ ಚೂರು ಚೂರೇ ಸವೆಯೋ ಪ್ಲೇಟಲ್ಲಿ. ಫೈಲಲ್ಲಿ ಈ ಸುಖ ಎಲ್ಲಿಂದ ಬರ್ಬೇಕು?

ಒಂದು ಮಾತು, ವಾಲ್ಯೂಮ್ ಏರಿಸಿ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ಏರ್‌ಪೋರ್ಟಿಗೆ ಅಂತ ಮಾಡಿದ ಆಲ್ಬಂ ಇದೆಯಲ್ಲ, ಅದನ್ನ ಹಿನ್ನೆಲೆಯಲ್ಲಿ ಬಿಟ್ಕೊಂಡು ಮರೆತ್ರೂ ನಡೆಯುತ್ತೆ. ಇದು ಆ ಜಾತಿ ಅಲ್ಲ. ಹೆಕರ್ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದೇ ಜೋರು ಸದ್ದಿನ ಚರಿತ್ರೆ ಮೇಲೆ! ಈ ಆಲ್ಬಂನ 'ಇನ್ ದ ಫಾಗ್' ಮೂರು ಭಾಗ ಒಂದಕ್ಕೊಂದು ಸೇರ್ಕೊಂಡು ಬರುವಾಗ ಮಂದ್ರ ಸ್ವರ ಎದೆಗೆ ತಾಗ್ಬೇಕು. ಹೆಡ್‌ಫೋನ್ ಸಾಲದು. ನಮ್ಮ ಕೆಳಗಿನ ಮನೆಯವರು ಸಂಜೆ ವಾಕಿಂಗ್ ಹೊರಟ್ರು ಅಂದ್ರೆ ನನ್ನ ಕೈ ತಾನಾಗೇ ಆಂಪ್ಲಿಫೈಯರ್ ಕಡೆ ಹೋಗುತ್ತೆ.

ಕಾಪಿರೈಟ್ ಇರೋದ್ರಿಂದ ಇಲ್ಲಿ ಕೇಳಿಸೋಕಾಗಲ್ಲ. ಈಗ ನನ್ನ ಮಾತಿನ ಹಿಂದೆ ಬರ್ತಿರೋದು ಸಂಗೀತ ಶುರುವಾಗೋ ಮುಂಚಿನ, ಪ್ಲೇಟಿನ ಖಾಲಿ ಗೀರಿನ ಸದ್ದು, ಅಷ್ಟೇ. ಇದೂ ಚೆನ್ನಾಗಿದೆಯಲ್ಲ ಅನ್ಸಿದ್ರೆ ನೀವು ಈ ಆಲ್ಬಂ ತಗೋಬಹುದು.