ಸರ್ವರ್ ‘ಇಲ್ಲ’ ಎಂದರೆ ಖುಷಿಪಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಪ್ರೋಗ್ರಾಂ ಒಂದನ್ನು ಬರೆದು ಮುಗಿಸಿದ್ದೀರಿ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ಶುರು ಮಾಡಿದಿರಿ. ತೆರೆಯ ಮೇಲೆ ಒಂದೇ ಸಾಲು: ಡೇಟಾಬೇಸಿಗೆ ಕನೆಕ್ಟ್ ಆಗಲಿಲ್ಲ. ಆಗ ನಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತದೆ? ಪಾಸ್‌ವರ್ಡ್‌ಗೆ. ಅಳಿಸುತ್ತೇವೆ. ಮತ್ತೆ ಟೈಪ್ ಮಾಡುತ್ತೇವೆ. ಹೊಸ ಪಾಸ್‌ವರ್ಡ್ ಇಡುತ್ತೇವೆ. ಇನ್ನೊಬ್ಬರನ್ನು ಕರೆದು ‘ಇದು ಸೊನ್ನೆಯಾ, ಓ ಅಕ್ಷರವಾ’ ಎಂದು ಕೇಳುತ್ತೇವೆ. ನಾನೂ ಎಷ್ಟೋ ವರ್ಷ ಹೀಗೇ ಮಾಡಿದವಳು. ಆಮೇಲೆ ಗೊತ್ತಾಯಿತು, ಎಷ್ಟೋ ಸಲ ಪಾಸ್‌ವರ್ಡ್‌ನಲ್ಲಿ ತಪ್ಪೇ ಇರುವುದಿಲ್ಲ. ನಮ್ಮ ಮಾತು ಸರ್ವರ್‌ನ, ಅಂದರೆ ಡೇಟಾಬೇಸ್ ಇರುವ ಕಂಪ್ಯೂಟರಿನ, ಕಿವಿಗೇ ಬಿದ್ದಿರುವುದಿಲ್ಲ.

ಅದಕ್ಕೇ ಇವತ್ತು ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಸರ್ವರ್ ನಿಮಗೆ ‘ಇಲ್ಲ’ ಎಂದಿತೋ, ಅಥವಾ ಏನೂ ಹೇಳದೆ ಸುಮ್ಮನಿತ್ತೋ?

ಪ್ರೋಗ್ರಾಂ ಡೇಟಾಬೇಸಿನ ಹತ್ತಿರ ಹೋಗುವ ದಾರಿ ಉದ್ದವೇನಲ್ಲ. ಮೊದಲು ಸರ್ವರ್‌ನ ಹೆಸರಿನಿಂದ ಅದರ ಐಪಿ ವಿಳಾಸ ಪತ್ತೆ ಮಾಡಬೇಕು. ಆ ವಿಳಾಸದ ಕಂಪ್ಯೂಟರಿನಲ್ಲಿ ಒಂದು ಪೋರ್ಟ್, ಅಂದರೆ ಸಂಖ್ಯೆ ಇರುವ ಬಾಗಿಲು, ತಟ್ಟಬೇಕು. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ 3306, ಪೋಸ್ಟ್‌ಗ್ರೆಸ್ ಆದರೆ 5432, ಎಸ್‌ಕ್ಯೂಎಲ್ ಸರ್ವರ್ ಆದರೆ 1433, ಒರಾಕಲ್ ಆದರೆ 1521. ಯಾರೂ ಬದಲಾಯಿಸದಿದ್ದರೆ ಸಾಮಾನ್ಯವಾಗಿ ಇವೇ. ಆ ಕಡೆಯಿಂದ ‘ಹೂಂ, ಹೇಳು’ ಎಂದು ಬಂದ ಮೇಲೆ ವಿಚಾರಣೆ ಶುರು. ನೀನು ಯಾರು, ಎಲ್ಲಿಂದ ಬಂದೆ, ಪಾಸ್‌ವರ್ಡ್ ಏನು, ಯಾವ ಡೇಟಾಬೇಸ್ ಬೇಕು. ಅಂದರೆ ಪಾಸ್‌ವರ್ಡ್‌ನ ಸರದಿ ಬರುವುದು ಕೊನೆಯ ಹೊತ್ತಿಗೆ. ನಾವು ಮಾತ್ರ ಅಲ್ಲಿಂದಲೇ ಹುಡುಕಲು ಶುರು ಮಾಡುತ್ತೇವೆ, ಅಲ್ವಾ?

ಈಗ ಎರರ್ ಸಂದೇಶಕ್ಕೆ ಬರೋಣ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಥಟ್ಟನೆ ಬಂತು ಅಂದುಕೊಳ್ಳಿ. ಬೇಜಾರಾಗಬೇಡಿ. ಆ ಕಂಪ್ಯೂಟರ್ ಬದುಕಿದೆ, ನಿಮ್ಮ ಮಾತು ಅಲ್ಲಿಯವರೆಗೆ ಹೋಗಿದೆ. ಸಾಮಾನ್ಯವಾಗಿ ಇದರ ಅರ್ಥ ಇಷ್ಟೇ: ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳಲು ಯಾರೂ ಕೂತಿಲ್ಲ. ಡೇಟಾಬೇಸ್ ಶುರುವಾಗಿಲ್ಲದೆ ಇರಬಹುದು. ಡಿಸ್ಕ್ ತುಂಬಿ ನಿಂತುಹೋಗಿರಬಹುದು. ಅಥವಾ ಅದು ತನ್ನ ಕಂಪ್ಯೂಟರಿನೊಳಗಿನವರ ಮಾತು ಮಾತ್ರ ಕೇಳುತ್ತಿರಬಹುದು. ಪೋಸ್ಟ್‌ಗ್ರೆಸ್ ಹಾಕಿ ಹಾಗೇ ಬಿಟ್ಟರೆ ಅದು ಹೊರಗಿನವರ ಕಡೆ ತಿರುಗಿಯೂ ನೋಡುವುದಿಲ್ಲ. ‘ಲಿಸನ್ ಅಡ್ರೆಸಸ್’ ಎಂಬ ಸೆಟ್ಟಿಂಗ್‌ನಲ್ಲಿ ಮೊದಲಿಗೆ ಲೋಕಲ್‌ಹೋಸ್ಟ್ ಎಂದಷ್ಟೇ ಇರುತ್ತದೆ. ಸರ್ವರ್ ಓಡುತ್ತಿದೆ ಎಂದು ಅಡ್ಮಿನ್ ಆಣೆ ಮಾಡಿ ಹೇಳುತ್ತಾರೆ. ಅವರು ಹೇಳುವುದೂ ನಿಜ. ಅವರು ನೋಡುತ್ತಿರುವುದು ಒಳಗಿನಿಂದ!

ಮೈಎಸ್‌ಕ್ಯೂಎಲ್ ಬಳಸುವವರಿಗೆ 2003 ಎಂಬ ಎರರ್ ಹಳೆಯ ಪರಿಚಯ. ಅದರ ಕೊನೆಗೆ ಕಂಸದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ನನ್ನ ಪ್ರಕಾರ ಇಡೀ ಸಂದೇಶದಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಅದೇ. ಅದನ್ನು ಹೇಳುತ್ತಿರುವುದು ಆಪರೇಟಿಂಗ್ ಸಿಸ್ಟಮ್. ಲಿನಕ್ಸ್‌ನಲ್ಲಿ 111 ಎಂದರೆ ರೆಫ್ಯೂಸ್ಡ್. 110 ಎಂದರೆ ಕಾದೂ ಕಾದೂ ಉತ್ತರ ಬರಲಿಲ್ಲ. 113 ಎಂದರೆ ಅಲ್ಲಿಗೆ ದಾರಿಯೇ ಸಿಗಲಿಲ್ಲ. ರೇಡಿಯೋದಲ್ಲಿ ಸಂಖ್ಯೆ ಓದಿದರೆ ಯಾರಿಗೂ ನೆನಪಿರುವುದಿಲ್ಲ, ಗೊತ್ತು. ಕಂಸದೊಳಗೆ ಒಂದು ಸಂಖ್ಯೆ ಇರುತ್ತದೆ ಎಂಬುದು ನೆನಪಿದ್ದರೆ ಸಾಕು.

ಈ 110 ಇದೆಯಲ್ಲ, ನನಗೆ ನಿಜವಾಗಿ ತಲೆನೋವು ತರುವುದು ಇದು. ತೆರೆ ಹಾಗೇ ನಿಂತಿರುತ್ತದೆ. ಅರ್ಧ ನಿಮಿಷ, ಒಂದು ನಿಮಿಷ, ಆಮೇಲೆ ‘ಟೈಮ್ಡ್ ಔಟ್’. ಆ ಕಡೆಯಿಂದ ಇಲ್ಲ ಎನ್ನುವವರೂ ಇಲ್ಲ. ಹೆಚ್ಚಾಗಿ ಇದು ನೆಟ್‌ವರ್ಕ್‌ನ ಕಾವಲುಗಾರ ಫೈರ್‌ವಾಲ್‌ನ ಕೆಲಸ. ಬೇಡದ ಪ್ಯಾಕೆಟ್, ಅಂದರೆ ನೆಟ್‌ವರ್ಕ್‌ನಲ್ಲಿ ಹೋಗುವ ಮಾತಿನ ತುಣುಕು, ಬಂದರೆ ಎಷ್ಟೋ ಫೈರ್‌ವಾಲ್‌ಗಳು ಉತ್ತರ ಕೊಡದೆ ಬಿಸಾಡುತ್ತವೆ. ಬೇಕಂತಲೇ ಹಾಗೆ ಮಾಡುತ್ತವೆ. ಇಲ್ಲ ಎಂದರೂ ಇಲ್ಲೊಬ್ಬರು ಇದ್ದಾರೆ ಎಂದು ತಿಳಿದುಬಿಡುತ್ತದಲ್ಲ!

ಇಲ್ಲಿ ಕೆಲವರು ಪಿಂಗ್ ಮಾಡಿ, ಅಂದರೆ ‘ಇದ್ದೀಯಾ’ ಎಂದು ಆ ಕಂಪ್ಯೂಟರನ್ನು ಕೂಗಿ ನೋಡಿ, ಸಮಾಧಾನ ಪಟ್ಟುಕೊಳ್ಳುತ್ತಾರೆ. ಪಿಂಗ್ ಹೋದರೆ ಪೋರ್ಟ್ ತೆರೆದಿದೆ ಎಂದಲ್ಲ. ಪಿಂಗ್ ಹೋಗದಿದ್ದರೆ ಸರ್ವರ್ ಸತ್ತಿದೆ ಎಂದೂ ಅಲ್ಲ. ಟೆಲ್‌ನೆಟ್ ಅಥವಾ ಎನ್‌ಸಿ ಎಂಬ ಪುಟ್ಟ ಪ್ರೋಗ್ರಾಂನಿಂದ ಆ ಪೋರ್ಟನ್ನೇ ತಟ್ಟಿ ನೋಡಿ. ಅದನ್ನೂ ನಿಮ್ಮ ಲ್ಯಾಪ್‌ಟಾಪ್‌ನಿಂದ ಮಾಡಿದರೆ ಏನೂ ಪ್ರಯೋಜನವಿಲ್ಲ. ನಿಮ್ಮ ಪ್ರೋಗ್ರಾಂ ಓಡುವ ಕಂಪ್ಯೂಟರಿನಿಂದಲೇ ಮಾಡಬೇಕು. ಫೈರ್‌ವಾಲ್ ನೋಡುವುದು ಪ್ಯಾಕೆಟ್ ಎಲ್ಲಿಂದ ಬಂತು ಎಂಬುದನ್ನು. ಅದನ್ನು ಕಳಿಸಿದವರು ನೀವೇ ಎಂದು ಅದಕ್ಕೇನು ಗೊತ್ತು?

ಫೈರ್‌ವಾಲ್ ಕಾಟ ತಾಳಲಾರದೆ ಪೋರ್ಟನ್ನು ಇಡೀ ಇಂಟರ್ನೆಟ್‌ಗೆ ತೆರೆದಿಟ್ಟವರನ್ನು ನೋಡಿದ್ದೇನೆ. ‘ಸುಮ್ನೆ ಟೆಸ್ಟ್ ಮಾಡೋಕೆ’ ಎನ್ನುತ್ತಾರೆ. ಅವರಿಗೆ ನಾನು ಹೇಳುವುದು 2003ರ ಜನವರಿ 25ರ ಕಥೆ. ಆ ದಿನ ಸ್ಲ್ಯಾಮರ್ ಎಂಬ ಹುಳು ಇಂಟರ್ನೆಟ್‌ಗೆ ಬಿತ್ತು. ಹುಳು ಎಂದರೆ ತಾನಾಗಿಯೇ ಹರಡುವ ಪ್ರೋಗ್ರಾಂ. ಅದರ ಗಾತ್ರ 376 ಬೈಟ್, ಎರಡು ಎಸ್‌ಎಂಎಸ್‌ಗಿಂತ ಸ್ವಲ್ಪ ದೊಡ್ಡದು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದ ಒಂದು ದೋಷವನ್ನು 1434ನೇ ಯುಡಿಪಿ ಪೋರ್ಟ್ ಮೂಲಕ ಹಿಡಿಯಿತು. ಶುರುವಿನಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತಿತ್ತು. ಹತ್ತು ನಿಮಿಷದೊಳಗೆ ಈ ದೋಷವಿದ್ದ ಕಂಪ್ಯೂಟರುಗಳಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಅದರ ಕೈಯಲ್ಲಿದ್ದವು. ಲೆಕ್ಕಕ್ಕೆ ಸಿಕ್ಕಿದ್ದೇ ಸುಮಾರು 75,000. ದೋಷ ಸರಿಪಡಿಸುವ ಪ್ಯಾಚ್ ಆರು ತಿಂಗಳ ಹಿಂದೆ, 2002ರ ಜುಲೈನಲ್ಲೇ ಬಂದಿತ್ತು. ಬೇರೆ ಸಾಫ್ಟ್‌ವೇರ್ ಜೊತೆ ಈ ಡೇಟಾಬೇಸ್ ಒಳಗೆ ಸೇರಿಕೊಂಡಿತ್ತು ಎಂಬುದೇ ಕೆಲವರಿಗೆ ಗೊತ್ತಿರಲಿಲ್ಲ. ಆ ಹುಳು ಯಾರ ಪಾಸ್‌ವರ್ಡನ್ನೂ ಊಹಿಸಲಿಲ್ಲ. ವಿಚಾರಣೆಯ ಹಂತಕ್ಕೇ ಅದು ಹೋಗಲಿಲ್ಲ. ಪೋರ್ಟ್ ಹೊರಗಿನವರ ಕೈಗೆ ಸಿಗುವಂತಿತ್ತು, ಅಷ್ಟೇ ಸಾಕಾಯಿತು. ಹಾಗಾಗಿ ಫೈರ್‌ವಾಲ್‌ನಲ್ಲಿ ಒಂದೇ ಒಂದು ಐಪಿ ವಿಳಾಸಕ್ಕೆ ದಾರಿ ಬಿಡಿ. ಬೇಕಾದವರು ಬರುತ್ತಾರೆ.

ಲೋಕಲ್‌ಹೋಸ್ಟ್ ಎಂದೆನಲ್ಲ, ಅದರದ್ದೂ ಒಂದು ತಮಾಷೆ ಇದೆ. ಲೋಕಲ್‌ಹೋಸ್ಟ್ ಎಂದರೆ ‘ನಾನೇ’. ಪ್ರತಿ ಕಂಪ್ಯೂಟರೂ ತನ್ನನ್ನು ತಾನು ಹಾಗೆ ಕರೆದುಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಂ ಡಾಕರ್ ಕಂಟೇನರ್ ಒಳಗೆ, ಅಂದರೆ ಕಂಪ್ಯೂಟರಿನೊಳಗೇ ಬೇರೆ ಮಾಡಿಟ್ಟ ಪುಟ್ಟ ಕೋಣೆಯಂಥ ಜಾಗದಲ್ಲಿ, ಕೂತು ಲೋಕಲ್‌ಹೋಸ್ಟ್ ಎಂದರೆ ಅದು ಹುಡುಕುವುದು ಆ ಕಂಟೇನರ್ ಒಳಗೇ. ಡೇಟಾಬೇಸ್ ಪಕ್ಕದ ಕಂಟೇನರ್‌ನಲ್ಲಿ ಇರುತ್ತದೆ. ಲಿನಕ್ಸ್‌ನ ಮೈಎಸ್‌ಕ್ಯೂಎಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಕ್ಲೈಂಟ್‌ಗೆ ಲೋಕಲ್‌ಹೋಸ್ಟ್ ಎಂದು ಕೊಟ್ಟರೆ ನೆಟ್‌ವರ್ಕ್ ಕಡೆಗೇ ಹೋಗುವುದಿಲ್ಲ, ಅದೇ ಕಂಪ್ಯೂಟರಿನಲ್ಲಿರುವ ಸಾಕೆಟ್ ಫೈಲ್ ಒಂದನ್ನು ಹುಡುಕುತ್ತದೆ. ಅದೇ ‘ನಾನೇ’ ಎಂಬುದರ ಐಪಿ ವಿಳಾಸ 127 ಚುಕ್ಕೆ 0 ಚುಕ್ಕೆ 0 ಚುಕ್ಕೆ 1 ಎಂದು ಬರೆದರೆ ನೆಟ್‌ವರ್ಕ್ ಮೂಲಕ ಹೋಗುತ್ತದೆ. ಎರಡೂ ಒಂದೇ ಎಂದುಕೊಂಡು ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ.

ಇಷ್ಟೆಲ್ಲ ದಾಟಿದ ಮೇಲೆ ಬರುತ್ತದೆ ‘ಆಕ್ಸೆಸ್ ಡಿನೈಡ್’. ಇದನ್ನು ಕಂಡರೆ ನನಗೆ ಈಗ ಖುಷಿ. ವಿಳಾಸ ಸರಿ, ಪೋರ್ಟ್ ಸರಿ, ಫೈರ್‌ವಾಲ್ ಸರಿ, ಸರ್ವರ್ ಜೀವಂತ. ನನ್ನ ಹೆಸರು ಕೇಳಿ, ನೋಡಿ, ಇಲ್ಲ ಎಂದಿದೆ. ಮುಕ್ಕಾಲು ದಾರಿ ಬಂದಾಯಿತು.

ಆ ‘ಇಲ್ಲ’ವನ್ನೂ ಪೂರ್ತಿ ಓದಬೇಕು. ಒಮ್ಮೆ ನನ್ನ ಪ್ರೋಗ್ರಾಂ ಕೈಯಿಂದ ಓಡಿಸಿದರೆ ಕೆಲಸ ಮಾಡುತ್ತಿತ್ತು. ಅದನ್ನೇ ಸರ್ವಿಸ್ ಆಗಿ, ಅಂದರೆ ತಾನಾಗಿಯೇ ಹಿನ್ನೆಲೆಯಲ್ಲಿ ಓಡುವಂತೆ, ಹಾಕಿದರೆ ಡಿನೈಡ್. ಮಧ್ಯಾಹ್ನವಿಡೀ ಪಾಸ್‌ವರ್ಡ್ ಬದಲಾಯಿಸಿದೆ, ಮೂರು ಸಲ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ಬಂದು ತೆರೆಯ ಮೇಲೆ ಬೆರಳಿಟ್ಟಳು. ‘ಮೇಡಂ, ಕೊನೆಯಲ್ಲಿ ನೋಡಿ. ಯೂಸಿಂಗ್ ಪಾಸ್‌ವರ್ಡ್, ನೋ.’ ಅಂದರೆ ನನ್ನ ಪ್ರೋಗ್ರಾಂ ಪಾಸ್‌ವರ್ಡನ್ನು ಕಳಿಸಿಯೇ ಇರಲಿಲ್ಲ! ಅದನ್ನು ನಾನು ಲಾಗಿನ್ ಆದಾಗ ಸಿಗುವ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಸರ್ವಿಸ್‌ಗೆ ಅದು ಕಾಣುವುದೇ ಇಲ್ಲ. ಆ ‘ನೋ’ ಎಂಬ ಎರಡಕ್ಷರ ಮಧ್ಯಾಹ್ನವಿಡೀ ನನ್ನ ಕಣ್ಣೆದುರೇ ಇತ್ತು.

ಅದೇ ಸಾಲಿನಲ್ಲಿ ಯೂಸರ್ ಹೆಸರಿನ ಪಕ್ಕ ಇನ್ನೊಂದು ಹೆಸರಿರುತ್ತದೆ. ನೀವು ಎಲ್ಲಿಂದ ಬಂದಿರಿ ಎಂದು ಸರ್ವರ್‌ಗೆ ಕಂಡದ್ದು ಅದು. ಮೈಎಸ್‌ಕ್ಯೂಎಲ್‌ಗೆ ಹೆಸರು ಮತ್ತು ಬಂದ ಜಾಗ ಎರಡೂ ಸೇರಿ ಒಬ್ಬ ಯೂಸರ್. ಹೆಸರು ಒಂದೇ ಆದರೂ ಒಳಗಿನಿಂದ ಬಂದವರು ಬೇರೆ, ಹೊರಗಿನಿಂದ ಬಂದವರು ಬೇರೆ. ಪಾಸ್‌ವರ್ಡೂ ಬೇರೆ ಇರಬಹುದು. ಪೋಸ್ಟ್‌ಗ್ರೆಸ್ ಈ ಲೆಕ್ಕವನ್ನು ಪಿಜಿ ಎಚ್‌ಬಿಎ ಎಂಬ ಫೈಲಿನಲ್ಲಿ ಇಡುತ್ತದೆ. ಅದನ್ನು ಮೇಲಿನಿಂದ ಕೆಳಗೆ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿತೋ, ಅಲ್ಲೇ ತೀರ್ಮಾನ. ಆ ಸಾಲಿನ ಪ್ರಕಾರ ಪಾಸ್‌ವರ್ಡ್ ತಪ್ಪಾದರೆ ಕೆಳಗಿನ ಸಾಲುಗಳನ್ನು ನೋಡುವುದಿಲ್ಲ. ಹೊಸ ಸಾಲನ್ನು ಕೊನೆಗೆ ಸೇರಿಸಿ ‘ಆಗ್ತಾ ಇಲ್ಲ’ ಎನ್ನುವವರು ಮೇಲಿನ ಸಾಲುಗಳನ್ನು ಒಮ್ಮೆ ನೋಡಲಿ. ಫೈಲ್ ಬದಲಾಯಿಸಿದ ಮೇಲೆ ರೀಲೋಡ್ ಕೂಡ ಮಾಡಲಿ.

ಎಸ್‌ಕ್ಯೂಎಲ್ ಸರ್ವರ್ ಮಾತ್ರ ಬಾಯಿ ಬಿಡುವುದಿಲ್ಲ. ಎರರ್ 18456, ಲಾಗಿನ್ ಫೇಲ್ಡ್, ಅಷ್ಟೇ. ಯೂಸರ್ ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಹೊರಗಿನವರಿಗೆ ಹೇಳಿದರೆ ಕಳ್ಳರಿಗೂ ಅನುಕೂಲ ಎಂದು ಮುಚ್ಚಿಡುತ್ತದೆ. ಆದರೆ ತನ್ನ ಲಾಗ್‌ನಲ್ಲಿ ‘ಸ್ಟೇಟ್’ ಎಂದು ಬರೆದುಕೊಳ್ಳುತ್ತದೆ. 5 ಎಂದರೆ ಆ ಹೆಸರಿನವರೇ ಇಲ್ಲ, 8 ಎಂದರೆ ಪಾಸ್‌ವರ್ಡ್ ತಪ್ಪು. ಗಂಟೆಗಟ್ಟಲೆ ಊಹೆ ಮಾಡುವ ಬದಲು ಸರ್ವರ್ ನೋಡಿಕೊಳ್ಳುವವರಿಗೆ ಒಂದು ಫೋನ್ ಮಾಡಿ ಆ ಸಂಖ್ಯೆ ಕೇಳಿಬಿಡಿ.

ಪಾಸ್‌ವರ್ಡ್ ನಿಜವಾಗಿ ಕೈಕೊಡುವ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ಯೂಸರ್, ಪಾಸ್‌ವರ್ಡ್, ಸರ್ವರ್ ಎಲ್ಲವನ್ನೂ ಒಂದೇ ಯುಆರ್‌ಎಲ್‌ನಲ್ಲಿ ಬರೆಯುವ ಪದ್ಧತಿ ಇದೆ. ಅದರಲ್ಲಿ ಪಾಸ್‌ವರ್ಡ್ ಮುಗಿಯಿತು, ಇನ್ನು ಸರ್ವರ್ ಹೆಸರು ಎನ್ನುವ ಗುರುತೇ ‘ಅಟ್’ ಚಿಹ್ನೆ. ನಿಮ್ಮ ಪಾಸ್‌ವರ್ಡ್‌ನಲ್ಲೂ ಅಟ್ ಇದ್ದರೆ? ಅದರ ಅರ್ಧ ಭಾಗವನ್ನೇ ಸರ್ವರ್ ಹೆಸರೆಂದು ತಿಳಿದುಕೊಳ್ಳುವ ಡ್ರೈವರ್‌ಗಳಿವೆ. ಡ್ರೈವರ್ ಎಂದರೆ ಪ್ರೋಗ್ರಾಂ ಪರವಾಗಿ ಡೇಟಾಬೇಸ್ ಜೊತೆ ಮಾತಾಡುವ ಸಾಫ್ಟ್‌ವೇರ್. ಆಗ ‘ಅಂಥ ಸರ್ವರ್ ಇಲ್ಲ’ ಎಂದು ಎರರ್ ಬರುತ್ತದೆ. ನಾವು ನೆಟ್‌ವರ್ಕ್‌ನವರ ಜೊತೆ ಜಗಳಕ್ಕೆ ಹೋಗುತ್ತೇವೆ. ಅಟ್ ಬದಲು ಪರ್ಸೆಂಟ್ 40 ಎಂದು ಬರೆದರೆ ಮುಗಿಯಿತು.

ಡ್ರೈವರ್ ಹಳೆಯದಾದರೂ ಬಾಗಿಲು ತೆರೆಯದು. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8 ಪಾಸ್‌ವರ್ಡ್ ಪರಿಶೀಲಿಸುವ ವಿಧಾನವನ್ನೇ ಬದಲಾಯಿಸಿತು. ಸರಿಯಾದ ಪಾಸ್‌ವರ್ಡ್ ಇದ್ದರೂ ಹಳೆಯ ಡ್ರೈವರ್‌ಗಳು ಹೊರಗೇ ನಿಂತವು. ಡ್ರೈವರ್ ಅಪ್‌ಡೇಟ್ ಮಾಡಿ, ಅಷ್ಟೇ. ಪಾಸ್‌ವರ್ಡ್ ವಿಧಾನವನ್ನು ಹಿಂದಕ್ಕೆ ತಿರುಗಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ, ನನಗೆ ಅದು ಇಷ್ಟವಿಲ್ಲ.

ಕೊನೆಗೆ, ನಿನ್ನೆ ಓಡುತ್ತಿದ್ದದ್ದು ಇವತ್ತು ನಿಲ್ಲುವ ವಿಷಯ. ‘ಟೂ ಮೆನಿ ಕನೆಕ್ಷನ್ಸ್’. ಮೈಎಸ್‌ಕ್ಯೂಎಲ್ ಒಂದು ಹೊತ್ತಿಗೆ 151 ಕನೆಕ್ಷನ್ ಕೊಡುತ್ತದೆ, ಪೋಸ್ಟ್‌ಗ್ರೆಸ್ 100. ನಾವು ಬದಲಾಯಿಸದಿದ್ದರೆ ಇಷ್ಟು. ಪ್ರೋಗ್ರಾಂ ಕನೆಕ್ಷನ್ ತೆಗೆದುಕೊಂಡು ವಾಪಸ್ ಕೊಡದಿದ್ದರೆ ನಿಧಾನವಾಗಿ ಎಲ್ಲ ಖಾಲಿ. ಮಿತಿ ಹೆಚ್ಚಿಸಿದರೆ ಸೋರುವ ಕೊಡಕ್ಕೆ ಜಾಸ್ತಿ ನೀರು ಹಾಕಿದಂತೆ. ಎಲ್ಲಿ ಸೋರುತ್ತಿದೆ ಎಂದು ಒಳಗೆ ಹೋಗಿ ನೋಡಬೇಕು. ಆದರೆ ಒಳಗೆ ಹೋಗಲೂ ಒಂದು ಕನೆಕ್ಷನ್ ಬೇಕಲ್ಲ? ಅದಕ್ಕೆಂದೇ ಮೈಎಸ್‌ಕ್ಯೂಎಲ್ ಅಡ್ಮಿನ್‌ಗಾಗಿ ಇನ್ನೂ ಒಂದನ್ನು ತೆಗೆದಿಟ್ಟಿರುತ್ತದೆ, 152ನೆಯದು. ಪರ್ಮಿಷನ್ ತಂಟೆಯೇ ಬೇಡ ಎಂದು ನಿಮ್ಮ ಪ್ರೋಗ್ರಾಂಗೆ ಎಲ್ಲ ಅಧಿಕಾರವಿರುವ ರೂಟ್ ಯೂಸರ್ ಕೊಟ್ಟಿದ್ದರೆ, ಆ ಒಂದನ್ನೂ ಅದೇ ಹಿಡಿದುಕೊಂಡು ಕೂತಿರುತ್ತದೆ.

ನಮಸ್ಕಾರ.