ಜಾಸ್ತಿ ಆಳು ಬೇಡೋ ಬೆಳೆ

ನಮಸ್ಕಾರ. ಇವತ್ತಿನ ಮಾತು ಸ್ಪೇನಿನ ಒಂದು ಹಳ್ಳಿ ಬಗ್ಗೆ. ಹೆಸರು ಮಾರಿನಲೇದಾ. ದೇಶದ ದಕ್ಷಿಣಕ್ಕೆ, ಆಂದಲೂಸಿಯಾದ ಸೆವಿಲ್ಲಾ ಪ್ರಾಂತ್ಯದಲ್ಲಿದೆ, ಜನಸಂಖ್ಯೆ ಮೂರು ಸಾವಿರವೂ ಇಲ್ಲ. ಈ ಊರಿನ ಬಗ್ಗೆ ಬರೋ ವಿಡಿಯೊಗಳೆಲ್ಲ ಒಂದೇ ಥರ ಶುರುವಾಗ್ತವೆ. ಗೋಡೆ ಮೇಲೆ ಚೆ ಗೆವಾರನ ಚಿತ್ರ, ಪೊಲೀಸರಿಲ್ಲದ ಊರು, ತಿಂಗಳಿಗೆ 15 ಯೂರೋ ಕಟ್ಟಿದರೆ ಮನೆ. ಕೆಲವರು ಸ್ವರ್ಗ ಅಂತಾರೆ, ಕೆಲವರು ನಾಟಕ ಅಂತಾರೆ. ನನಗೆ ಮಾತ್ರ ಅವರು ಹೊಲದಲ್ಲಿ ಏನು ಬೆಳೀತಾರೆ ಅನ್ನೋದರ ಮೇಲೇ ಕಣ್ಣು.

ಆಂದಲೂಸಿಯಾ ಅಂದ್ರೆ ದೊಡ್ಡ ಜಮೀನ್ದಾರರ ಸೀಮೆ. ಕಣ್ಣು ಹಾಯಿಸಿದಷ್ಟೂ ಹೊಲ, ಊರಿನ ಕೂಲಿಯವರಿಗೆ ಮಾತ್ರ ಒಂದು ಗುಂಟೆಯೂ ಇಲ್ಲ. ಆಲಿವ್ ಕೊಯ್ಲಿನ ಕಾಲದಲ್ಲಿ ಒಂದಿಷ್ಟು ಕೂಲಿ, ಆಮೇಲೆ ಬರಿಗೈ. 1980ರಲ್ಲಿ ಸುಮಾರು 700 ಜನ ಉಪವಾಸ ಕೂತರು. ಹಸಿವಿನ ವಿರುದ್ಧ ಉಪವಾಸ ಅಂತ ಅವರೇ ಅದಕ್ಕೆ ಹೆಸರಿಟ್ಟರು. ಆಮೇಲೆ ಡ್ಯೂಕ್ ಅನ್ನೋ ಬಿರುದಿನ ದೊಡ್ಡ ಜಮೀನ್ದಾರರೊಬ್ಬರ ಎಲ್ ಉಮೋಸೊ ಎಸ್ಟೇಟಿಗೆ ನುಗ್ಗೋದು, ಪೊಲೀಸರು ಎಬ್ಬಿಸೋದು, ಮತ್ತೆ ನುಗ್ಗೋದು. ವರ್ಷಗಟ್ಟಲೆ ಇದೇ ಕಥೆ. ಕೊನೆಗೆ 1991ರಲ್ಲಿ ಆಂದಲೂಸಿಯಾದ ಸರ್ಕಾರ 1,200 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಎಕರೆ, ಬಿಡಿಸಿಕೊಟ್ಟಿತು.

ಜಮೀನು ಬಂತಲ್ಲ, ಮನೆಗಿಷ್ಟು ಅಂತ ಹಂಚಿಕೊಳ್ಳಲಿಲ್ಲ. ಸಹಕಾರಿ ಮಾಡಿದರು. ಗೋಧಿ ಬಿತ್ತಿದ್ದರೆ ಒಂದು ಕಟಾವು ಯಂತ್ರ, ನಾಲ್ಕು ಜನ, ಮುಗೀತು. ಇವರು ಕೇಳಿಕೊಂಡಿದ್ದು ಉಲ್ಟಾ ಪ್ರಶ್ನೆ: ಯಾವ ಬೆಳೆಗೆ ಜಾಸ್ತಿ ಆಳು ಬೇಕು? ಆರ್ಟಿಚೋಕ್, ಕೆಂಪು ಮೆಣಸಿನಕಾಯಿ, ಆಲಿವ್. ಬಾಳೆಹೂವು ಬಿಡಿಸಿದವರಿಗೆ ಆರ್ಟಿಚೋಕ್ ತಟ್ಟನೆ ಅರ್ಥವಾಗುತ್ತೆ. ಮುಳ್ಳುಗಿಡದ ದಪ್ಪ ಮೊಗ್ಗು ಅದು. ಒಂದೊಂದನ್ನೂ ಚಾಕುವಿನಲ್ಲಿ ಕೊಯ್ದು, ಒರಟು ಎಸಳು ಕೀಳ್ತಾ ಕೀಳ್ತಾ ಮೆತ್ತನೆ ತಿರುಳಿಗೆ ಬರಬೇಕು. ಮೆಣಸಿನಕಾಯಿಯದೂ ಅಷ್ಟೇ, ಸುಡಬೇಕು, ಸಿಪ್ಪೆ ಸುಲೀಬೇಕು, ಬಾಟಲಿಗೆ ತುಂಬಬೇಕು. ಅದಕ್ಕಂತಲೇ ಊರಲ್ಲಿ ಫ್ಯಾಕ್ಟರಿ ಹಾಕಿದರು. ಕೂಲಿ ಕಡಿಮೆ ಮಾಡೋದೇ ಜಾಣತನ ಅಂತ ಕಲಿತ ಮ್ಯಾನೇಜರ್ ಇದನ್ನ ನೋಡಿದ್ರೆ ತಲೆ ಚಚ್ಚಿಕೊಳ್ತಾನೆ. ಈ ಊರವರ ಲೆಕ್ಕದ ಪುಸ್ತಕದಲ್ಲಿ ಕೂಲಿ ಖರ್ಚಲ್ಲ ಸ್ವಾಮಿ, ಅದೇ ಫಸಲು. 2012-13ರ ಸುಮಾರಿಗೆ ಆರೂವರೆ ಗಂಟೆ ದುಡಿಮೆಗೆ 47 ಯೂರೋ, ಯಾರು ಯಾವ ಕೆಲಸ ಮಾಡಲಿ, ಅಷ್ಟೇ.

"ಸರ್ಕಾರದ ದುಡ್ಡಲ್ಲಿ ಕ್ರಾಂತಿ" ಅಂತ ಗೇಲಿ ಮಾಡೋರಿದ್ದಾರೆ. ಅನುದಾನ ಇದೆ, ನಿಜ. ಮನೆ ಕಟ್ಟೋ ಸಾಮಗ್ರಿಯೂ ಸರ್ಕಾರದ್ದೇ, ದುಡಿಮೆ ಮಾತ್ರ ಮನೆಯವರದು. ಆದರೆ ಯುರೋಪಿನಲ್ಲಿ ಡ್ಯೂಕುಗಳೂ ಕೃಷಿ ಸಬ್ಸಿಡಿ ತಗೊಳ್ತಾರಪ್ಪ, ಅವರನ್ನ ಯಾರೂ ಹೀಗೆ ಆಡಿಕೊಳ್ಳಲ್ಲ.

ನನಗೆ ಕಸಿವಿಸಿ ಆಗೋದು ಬೇರೆ ವಿಷಯಕ್ಕೆ. ಮೇಷ್ಟ್ರಾಗಿದ್ದ ಸಾಂಚೆಸ್ ಗೊರ್ದಿಯೊ 1979ರಲ್ಲಿ ಮೇಯರ್ ಆದವರು ಕುರ್ಚಿ ಬಿಟ್ಟಿದ್ದು 2023ರಲ್ಲಿ. ನಲವತ್ತನಾಲ್ಕು ವರ್ಷ! ಊರಿನ ತೀರ್ಮಾನಗಳು ಆಗೋದು ಸಭೆಯಲ್ಲಿ, ಎಲ್ಲರೆದುರು ಕೈ ಎತ್ತಿ. ಕೇಳೋಕೆ ಚೆನ್ನಾಗಿದೆ. ಆದರೆ ನಾನು ಆ ಸಭೆಯಲ್ಲಿ ಕೂತಿದ್ದೀನಿ ಅಂದುಕೊಳ್ಳಿ. ನಾಳೆ ಮೆಣಸಿನಕಾಯಿ ಕೊಯ್ಯೋ ಕೆಲಸ ನನಗೆ ಬೇಕು, ಎದುರಿಗೆ ಅದೇ ಮೇಷ್ಟ್ರು, ಅಕ್ಕಪಕ್ಕದವರೆಲ್ಲ ಕೈ ಎತ್ತಿಯಾಗಿದೆ. ನನ್ನ ಕೈ ಕೆಳಗೇ ಇರ್ತಿತ್ತಾ? ಧೈರ್ಯವಾಗಿ ಹೂಂ ಅನ್ನೋಕೆ ನನ್ನಿಂದ ಆಗ್ತಿಲ್ಲ.